ಯಾರನ್ನು ಕೇಳಬೇಕು

ಬೀದರ ಜಿಲ್ಲೆಯ ಹಳೆಯ ಮನೆತನಗಳಲ್ಲಿ ಹುಟ್ಟಿ ಬೆಳೆದವರಿಗೆ ದಾಖಲೆಯನ್ನು ಹುಡುಕುವ ಪ್ರಯಾಸವೆಂತಹುದೆಂಬುದನ್ನು ಬೇರೆಯವರು ವಿವರಿಸಬೇಕಾದುದಿಲ್ಲ. ಇಂದು ಬಸವಕಲ್ಯಾಣವೆನಿಸಿಕೊಂಡಿರುವ ಊರು ನಿಜಾಮರ ಕಾಲದಲ್ಲಿ ಕಲ್ಯಾಣಿಯೆಂಬ ಹೆಸರಿನಿಂದ ಒಬ್ಬ ನವಾಬರ ಜಾಗೀರಾಗಿದ್ದು, ತನ್ನ ಕಚೇರಿ ಕಡತಗಳನ್ನು ತಾನೇ ಇಟ್ಟುಕೊಂಡಿದ್ದಿತು. ನಿಜಾಮರ ರಾಜ್ಯದ ಉಳಿದ ಊರುಗಳಲ್ಲಿ ಕೆಲವು ಸರಕಾರದ ನೇರ ದಿವಾನಿ ಆಡಳಿತಕ್ಕೆ, ಕೆಲವು ಪೈಗಾಗಳೆಂಬ ಶ್ರೀಮಂತರ ಜಾಗೀರುಗಳಿಗೆ ಸೇರಿದ್ದುವು. 1949ರಲ್ಲಿ ಜಾಗೀರುಗಳು ರದ್ದಾದುವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅದೇ ಜಿಲ್ಲೆಯೊಳಗಿನ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಆಂಧ್ರಕ್ಕೂ ಸಂದು, ಉಳಿದುದು ಮೈಸೂರಿನ ಪಾಲಿಗೆ ಬಂದಿತು. ಹೊಲವು ಇದ್ದಲ್ಲಿಯೇ ಇದ್ದಿತು, ಉಳುವವನೂ ಬದಲಾಗಲಿಲ್ಲ, ಆ ಹೊಲದ ವಿಷಯದಲ್ಲಿ ಯಾವ ಕಚೇರಿಯ ಮಾತು ಪ್ರಮಾಣವೆಂಬುದು ಮಾತ್ರ ಬದಲಾಯಿತು. ಉರ್ದುವಿನಲ್ಲಿ ಬರೆದ ಒಂದು ಪಹಣಿಯ ನಕಲಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದಿದ್ದ ನಮ್ಮ ಮುತ್ಯಾ, ಮನೆಯ ಹುಡುಗರು ಯಾವುದಾದರೊಂದು ಕಾಗದವನ್ನು ಹುಡುಕಲು ಹೊರಟರೆ, “ಮೊದಲ ಯಾರಿಗಿ ಕೇಳಬೇಕು ಅಂಬೋದು ತಿಳ್ಕೋರಿ, ಆಮ್ಯಾಲ ಕಾಲು ಕೀಳ್ರಿ” ಎಂದು ಗದರುತ್ತಿದ್ದರು.

ಅದೇ ಪ್ರಶ್ನೆಯು ನನ್ನ ವೃತ್ತಿಜೀವನದಲ್ಲಿ ಬೇರೊಂದು ವೇಷದಿಂದ ಎದುರಾದುದನ್ನು ಇಲ್ಲಿ ಬರೆಯಬೇಕೆಂದಿದ್ದೇನೆ. ಹೈದರಾಬಾದಿನಲ್ಲಿ ಕೆಲವು ವರ್ಷ ಗಣಕಯಂತ್ರಗಳ ಜಾಲವನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದು, 2018ರಲ್ಲಿ ನಾನು ಊರ ಕಡೆಗೆ ಹಿಂದಿರುಗಿದೆನು. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧದ ಮೂಲದ್ರವ್ಯಗಳನ್ನು ತಯಾರಿಸುವ ಒಂದು ಸಂಸ್ಥೆಯು ತನ್ನ ಜಾಲವನ್ನು ಒಪ್ಪಗೊಳಿಸುವ ಹೊಣೆಯನ್ನು ನನಗೆ ವಹಿಸಿದ್ದಿತು. ಪುಣೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65, ಬೀದರದಿಂದ ಕಲಬುರಗಿಗೆ ಇಳಿಯುವ ಹೆದ್ದಾರಿಯನ್ನು ಕೂಡುವ ಊರು ಹುಮನಾಬಾದು. ವೀರಭದ್ರೇಶ್ವರನ ಜಾತ್ರೆಗೂ ಮಾಣಿಕನಗರದ ಮಾಣಿಕಪ್ರಭುಗಳ ಉತ್ಸವಕ್ಕೂ ಮೂರು ರಾಜ್ಯಗಳ ಜನ ಬಂದು ಸೇರುವ ಆ ಊರಿನಲ್ಲಿ, ಬೀದರ-ಕಲಬುರಗಿ ರೈಲುಮಾರ್ಗವು ಅದರ ಹಿಂದಿನ ವರ್ಷ, 2017ರ ಅಕ್ಟೋಬರಿನಲ್ಲಿ, ಪೂರ್ಣವಾಗಿ ತೆರೆದಿದ್ದುದರಿಂದ, ಸಂತೆಯಲ್ಲಿಯೂ ಚಹಾದ ಅಂಗಡಿಯಲ್ಲಿಯೂ ಜನ ಇನ್ನೂ ಅದರ ಮಾತನ್ನೇ ಆಡುತ್ತಿದ್ದರು.

ಸಂಸ್ಥೆಯ ಕೆಲಸ ಒಂದೇ ಕಡೆ ನಡೆಯುತ್ತಿರಲಿಲ್ಲ. ತಯಾರಿಕೆ ಹುಮನಾಬಾದಿನಲ್ಲಿ, ಸರಕು ಸಾಗಣೆಯ ಕಚೇರಿ ಬಸವಕಲ್ಯಾಣದ ಕಡೆಗೆ ತಿರುಗುವ ಸಸ್ತಾಪುರ ಬಂಗ್ಲಾದ ಬಳಿ, ಮುಖ್ಯ ಕಚೇರಿ ಹೈದರಾಬಾದಿನಲ್ಲಿ. ಇವುಗಳ ಮೇಲೆ, ಅಮೆಜಾನ್ ಸಂಸ್ಥೆ 2016ರಲ್ಲಿ ಮುಂಬಯಿಯಲ್ಲಿ ತೆರೆದ ಕ್ಲೌಡ್ ಕೇಂದ್ರದೊಳಗೆ ಮೂರು ಬೇರೆ ಬೇರೆ ಖಾತೆಗಳಿದ್ದುವು: ಒಂದು ಉತ್ಪಾದನೆಯ ವಿಭಾಗದ್ದು, ಒಂದು ಲೆಕ್ಕಪತ್ರದ್ದು, ಮತ್ತೊಂದು ಹೊಸ ಪ್ರೋಗ್ರಾಮುಗಳನ್ನು ಬರೆದು ಪರೀಕ್ಷಿಸುವವರದ್ದು. ಒಂದೊಂದು ಖಾತೆಯನ್ನು ಒಂದೊಂದು ವಿಭಾಗದವರು ತಮ್ಮ ತಮ್ಮ ಅವಸರಕ್ಕೆ ತೆರೆದುಕೊಂಡಿದ್ದರು. ಎಲ್ಲವೂ ಕೂಡಿ ಒಂದು ಜಾಲವಾಗಬೇಕೆಂಬ ಯೋಚನೆ ಆ ಮೇಲೆ ಬಂದುದು. ಕಾರ್ಖಾನೆಯ ಬಾಗಿಲಿನ ಧರ್ಮಕಾಂಟಾದಲ್ಲಿ ಲಾರಿಯ ತೂಕವಾದೊಡನೆ ಆ ಅಂಕಿ ಮುಂಬಯಿಯ ಯಂತ್ರವೊಂದರಲ್ಲಿ ದಾಖಲಾಗಿ, ಅಲ್ಲಿಂದ ಬಸವಕಲ್ಯಾಣದ ಕಚೇರಿಯವರು ಅದನ್ನು ತೆಗೆದು ಬಿಲ್ಟಿಯೆಂಬ ಸಾಗಣೆಯ ರಸೀದಿಯನ್ನು ಮಾಡಿ ಚಾಲಕನ ಕೈಗೆ ಕೊಡಬೇಕು. ತೂಕ ಹುಮನಾಬಾದಿನದು, ದಾಖಲೆ ಮುಂಬಯಿಯದು, ಬಿಲ್ಟಿ ಬಸವಕಲ್ಯಾಣದ್ದು. ಮಧ್ಯೆ ಎಲ್ಲಿ ತಡೆದರೂ ಲಾರಿ ಹೆದ್ದಾರಿಯ ಬದಿಯಲ್ಲಿ ನಿಲ್ಲುವುದು.

ನಾನು ಮೊದಲ ಬಾರಿಗೆ ಹುಮನಾಬಾದಿನಿಂದ ಬಸ್ಸಿನಲ್ಲಿ ರಾಜೇಶ್ವರದ ಮೇಲಿಂದ ಆ ಕಚೇರಿಗೆ ಹೋದಾಗ, ಅಲ್ಲಿಯ ಹಿರಿಯ ಗುಮಾಸ್ತರು ನಡೆದುದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಿಬಿಟ್ಟರು: “ಸರ, ನಂಬರ ಹೊಡದ್ರ ತೆರೀತದ್ರಿ, ಹೆಸರ ಹೊಡದ್ರ ತೆರೀವಲ್ತರಿ.” ಯಂತ್ರದ ಅಂಕಿಯ ವಿಳಾಸವನ್ನು ಬರೆದರೆ ಬಿಲ್ಟಿಯ ಪುಟ ಬರುವುದು, ಅದರ ಹೆಸರನ್ನು ಬರೆದರೆ ಬಾರದು. ದಾರಿ ಸರಿಯಾಗಿದೆ, ಮನೆಯೂ ಇದೆ, ಬಾಗಿಲೂ ತೆರೆದಿದೆ. ಮನೆ ಯಾವುದೆಂದು ತೋರಿಸುವವರಿಲ್ಲ ಎಂಬುದು ಇದರ ಅರ್ಥ. ಅದಕ್ಕೆ ಪರಿಹಾರವಾಗಿ ಅವರು ಪ್ರತಿಯೊಂದು ಗಣಕಯಂತ್ರದಲ್ಲಿಯೂ ಹೋಸ್ಟ್ಸ್ ಎಂಬ ಕಡತವನ್ನು ತೆರೆದು, ಹೆಸರು ಮತ್ತು ಅಂಕಿಗಳನ್ನು ಕೈಯಿಂದಲೇ ಬರೆದಿಟ್ಟುಕೊಂಡಿದ್ದರು. ಮುಂಬಯಿಯಲ್ಲಿ ಯಂತ್ರ ಬದಲಾದಾಗಲೆಲ್ಲ ಯಾರಾದರೊಬ್ಬರು ಮೇಜಿನಿಂದ ಮೇಜಿಗೆ ಹೋಗಿ ಅದನ್ನು ತಿದ್ದಬೇಕು. ರಜೆಯಲ್ಲಿದ್ದವನ ಯಂತ್ರವು ತಿದ್ದದೆಯೇ ಉಳಿಯುವುದು.

ಬಸವಕಲ್ಯಾಣದ ಗುಮಾಸ್ತರು ಹಿಡಿದಿದ್ದ ಈ ಮಾರ್ಗವು ಇಂಟರ್ನೆಟ್ಟಿನ ಹಿರಿಯರೇ ಒಮ್ಮೆ ನಡೆದ ಮಾರ್ಗವೆಂಬುದನ್ನು ನೆನೆದರೆ, ಅದನ್ನು ನೋಡಿ ನಗುವ ಮನಸ್ಸಾಗುವುದಿಲ್ಲ. ಎಪ್ಪತ್ತರ ದಶಕದ ಅರ್ಪಾನೆಟ್‌ನಲ್ಲಿ ಜಾಲದ ಯಂತ್ರಗಳ ಹೆಸರುಗಳೆಲ್ಲವೂ ಒಂದೇ ಕಡತದಲ್ಲಿದ್ದುವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ನೇತೃತ್ವದ ಕೇಂದ್ರವೊಂದು ಅದನ್ನು ಕಾಪಾಡುತ್ತಿದ್ದು, ಹೊಸ ಯಂತ್ರವನ್ನು ಸೇರಿಸಬೇಕಾದವರು ಆ ಕೇಂದ್ರಕ್ಕೆ ತಿಳಿಸುವರು, ಉಳಿದವರು ತಿದ್ದಿದ ಕಡತವನ್ನು ಅಲ್ಲಿಂದ ತರಿಸಿಕೊಳ್ಳುವರು. ಯಂತ್ರಗಳು ಹೆಚ್ಚಿದಂತೆ ಆ ಒಂದೇ ಕಡತ, ಆ ಒಂದೇ ಕೇಂದ್ರ, ಎರಡೂ ಸಾಲದಾದುವು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿದ್ವಾಂಸರು ಡಿಎನ್‌ಎಸ್ ಎಂದು ಈಗ ಪ್ರಸಿದ್ಧವಾಗಿರುವ ವ್ಯವಸ್ಥೆಯನ್ನು ರೂಪಿಸಿದರು; 1987ರಲ್ಲಿ ಪ್ರಕಟವಾದ ಅದರ ಪರಿಷ್ಕೃತ ನಿರೂಪಣೆಯೇ ಇಂದಿಗೂ ಆಧಾರವಾಗಿದೆ. ಅದರ ಸಾರವಿಷ್ಟು: ಎಲ್ಲ ಹೆಸರುಗಳನ್ನೂ ಒಬ್ಬನೇ ತಿಳಿದಿರಬೇಕಾಗಿಲ್ಲ, ಯಾವ ಹೆಸರಿನ ವಿಷಯದಲ್ಲಿ ಯಾರು ಪ್ರಮಾಣವೆಂಬುದನ್ನು ಮೇಲಿನವನು ತಿಳಿದಿದ್ದರೆ ಸಾಕು. ಮೇಲಿನವನು ಕೆಳಗಿನವನಿಗೆ ಅಧಿಕಾರವನ್ನು ಹಸ್ತಾಂತರಿಸುವನು. ಕೇಳುವವನು ಬೇರೆನಿಸಿದ, ಎಲ್ಲರಿಗೂ ಮೇಲಿನವನಿಂದ ಹೊರಟು, ಒಬ್ಬರಿಂದ ಇನ್ನೊಬ್ಬರ ವಿಳಾಸವನ್ನು ತಿಳಿಯುತ್ತ, ಕೊನೆಗೆ ಉತ್ತರ ಕೊಡಲು ಅಧಿಕಾರವುಳ್ಳವನನ್ನು ಮುಟ್ಟುವನು.

ಲೋಕಕ್ಕೆಲ್ಲ ತೆರೆದಿರುವ ಹೆಸರುಗಳಿಗೆ ಈ ಕ್ರಮವು ಸೊಗಸಾಗಿ ಒದಗುವುದು. ತೊಡಕು ಹುಟ್ಟುವುದು ಖಾಸಗಿ ಹೆಸರುಗಳಲ್ಲಿ. ತೂಕದ ದಾಖಲೆಯುಳ್ಳ ಯಂತ್ರದ ವಿಳಾಸವನ್ನು ಯಾವ ಸಂಸ್ಥೆಯೂ ಲೋಕಕ್ಕೆ ಸಾರುವುದಿಲ್ಲ. ಆ ವಿಳಾಸವಾದರೂ 1996ರಲ್ಲಿ ಖಾಸಗಿ ಬಳಕೆಗೆಂದು ಬಿಟ್ಟುಕೊಟ್ಟ ಅಂಕಿಗಳಲ್ಲೊಂದಾಗಿರುವುದು. 10 ಎಂಬುದರಿಂದಲೋ 192.168 ಎಂಬುದರಿಂದಲೋ ಆರಂಭವಾಗುವ ಇಂತಹ ಅಂಕಿಗಳನ್ನು ಯಾರು ಬೇಕಾದರೂ ತಮ್ಮ ಗೋಡೆಯೊಳಗೆ ಇಟ್ಟುಕೊಳ್ಳಬಹುದು. ಹುಮನಾಬಾದಿನ ಕಾರ್ಖಾನೆಯೂ ಬಸವಕಲ್ಯಾಣದ ಕಚೇರಿಯೂ ಒಂದನ್ನೊಂದು ಅರಿಯದೆ 192.168.1 ಎಂಬ ಒಂದೇ ಗುಂಪನ್ನು ಬಳಸುತ್ತಿದ್ದುದರಿಂದ, ಎರಡನ್ನೂ ಕೂಡಿಸುವ ಮೊದಲು ಒಂದರ ಅಂಕಿಗಳನ್ನೆಲ್ಲ ಬದಲಾಯಿಸಬೇಕಾಯಿತು. ಖಾಸಗಿ ಹೆಸರಿನ ವಿಷಯದಲ್ಲಿ ಬೇರಿನಿಂದ ಹೊರಟು ಕೆಳಗಿಳಿಯುವ ಮಾರ್ಗ ನಡೆಯದು, ಏಕೆಂದರೆ ಬೇರಿಗೆ ಆ ಹೆಸರಿನ ಸುದ್ದಿಯೇ ಇಲ್ಲ. ಆದುದರಿಂದ ಉತ್ತರ ಕೊಡುವ ಒಳಗಿನ ಡಿಎನ್‌ಎಸ್ ಸರ್ವರ್ ಯಂತ್ರಕ್ಕೆ, ಇಂತಹ ಹೆಸರು ಬಂದರೆ ಇಂತಹವರನ್ನು ಕೇಳು ಎಂದು ಕೈಯಿಂದಲೇ ಕಲಿಸಿಕೊಡಬೇಕು.

ಇನ್ನು ಕ್ಲೌಡಿನ ಸ್ವಭಾವ. ಅಮೆಜಾನಿನಲ್ಲಿ ಗ್ರಾಹಕನು ವಿಪಿಸಿ ಎಂಬ ತನ್ನದೇ ಆವರಣವನ್ನು ಕಟ್ಟಿಕೊಂಡಾಗ, ಹೆಸರಿಗೆ ವಿಳಾಸ ಹೇಳುವ ಸೇವೆಯು ಅದರ ಅಂಕಿಗಳ ಆರಂಭಕ್ಕೆ ಎರಡನ್ನು ಕೂಡಿಸಿದ ವಿಳಾಸದಲ್ಲಿ ತಾನಾಗಿಯೇ ಸಿದ್ಧವಾಗಿರುವುದು, ಆವರಣವು 10.20.0.0 ಎಂಬುದರಿಂದ ಆರಂಭವಾದರೆ, 10.20.0.2 ಎಂಬಲ್ಲಿ. ಆದರೆ ಈ ಸೇವೆಯು ಆವರಣದ ಒಳಗಿನವರ ಪ್ರಶ್ನೆಗೆ ಮಾತ್ರ ಉತ್ತರ ಕೊಡುವುದು. ಹುಮನಾಬಾದಿನಿಂದ ವಿಪಿಎನ್ ಎಂಬ ಖಾಸಗಿ ದಾರಿಯನ್ನು ಮುಂಬಯಿಯವರೆಗೆ ಹಾಕಿ, ಆ ದಾರಿಯಲ್ಲಿ ಪ್ರಶ್ನೆಯನ್ನು ಕಳುಹಿಸಿದರೂ, ಎರಡನೆಯ ಅಂಕಿಯಲ್ಲಿರುವವನು ಬಾಯಿ ತೆರೆಯನು. ಬಸವಕಲ್ಯಾಣದಲ್ಲಿ ನಂಬರು ನಡೆದು ಹೆಸರು ನಡೆಯದಿದ್ದುದಕ್ಕೆ ಇದೇ ಕಾರಣ. ಆಗ ಎಲ್ಲೆಡೆಯೂ ಅನುಸರಿಸುತ್ತಿದ್ದ ಉಪಾಯವೆಂದರೆ, ಆವರಣದೊಳಗೆ ಬೈಂಡ್ ಅಥವಾ ಅನ್‌ಬೌಂಡ್ ಎಂಬ ತಂತ್ರಾಂಶವುಳ್ಳ ಒಂದು ಯಂತ್ರವನ್ನು ನಿಲ್ಲಿಸಿ, ಹೊರಗಿನವರು ಅದನ್ನು ಕೇಳುವಂತೆಯೂ, ಅದು ಒಳಗಿನವನಾಗಿ ಎರಡನೆಯ ಅಂಕಿಯವನನ್ನು ಕೇಳಿ ಉತ್ತರ ತರುವಂತೆಯೂ ಏರ್ಪಡಿಸುವುದು. ಆ ಮಧ್ಯಸ್ಥ ಯಂತ್ರವು ಕೆಟ್ಟರೆ ಎಲ್ಲವೂ ಕೆಡುವುದೆಂಬುದನ್ನು ಹೇಳಬೇಕಾಗಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದು ಮೂರು ಖಾತೆಗಳ ನಡುವೆ ಅಡಗಿದ್ದಿತು. 2014ರಿಂದ ಅಮೆಜಾನಿನಲ್ಲಿ ಖಾಸಗಿ ಝೋನ್ ಎಂಬ ಹೆಸರುಗಳ ಪಟ್ಟಿಯನ್ನು ಆವರಣಕ್ಕೆ ಅಂಟಿಸಲು ಅವಕಾಶವಾಗಿದ್ದಿತು. ನಮ್ಮ ಮೂರು ವಿಭಾಗದವರೂ, ಪ್ರತಿಯೊಬ್ಬರೂ ಸಂಸ್ಥೆಯ ಹೆಸರಿನಲ್ಲಿ ಒಂದೊಂದು ಝೋನ್ ತೆರೆದಿದ್ದರು. ಮೂರಕ್ಕೂ ಹೆಸರು ಒಂದೇ, ಒಳಗಿನ ಪಟ್ಟಿ ಮಾತ್ರ ಬೇರೆ ಬೇರೆ. ಲೆಕ್ಕಪತ್ರದ ಯಂತ್ರವು ಉತ್ಪಾದನೆಯ ಯಂತ್ರದ ಹೆಸರನ್ನು ಕೇಳಿದರೆ, ಪ್ರಶ್ನೆಯು ಲೆಕ್ಕಪತ್ರದವರ ಝೋನಿಗೇ ಹೋಗುವುದು. ಸಂಸ್ಥೆಯ ಹೆಸರಿನ ಪಟ್ಟಿ ಅಲ್ಲಿ ಇದೆಯಷ್ಟೆ. ಪಟ್ಟಿಯಲ್ಲಿ ಆ ಯಂತ್ರವಿಲ್ಲದಿದ್ದರೆ, “ನನಗೆ ತಿಳಿಯದು, ಇನ್ನೊಬ್ಬರನ್ನು ಕೇಳು” ಎಂದು ಅದು ಹೇಳುವುದಿಲ್ಲ. “ಅಂತಹ ಹೆಸರೇ ಇಲ್ಲ” ಎಂದು ಅಧಿಕಾರವಾಣಿಯಿಂದ ತೀರ್ಪು ಕೊಡುವುದು. ಇದು ಡಿಎನ್‌ಎಸ್‌ನ ಧರ್ಮ. ಝೋನಿನ ಒಡೆಯನೆನಿಸಿಕೊಂಡವನು ಇಲ್ಲವೆಂದರೆ ಅದು ಇಲ್ಲವೇ ಸರಿ. ಅಧಿಕಾರವೆಂಬುದು ಮೂವರ ಕೈಯಲ್ಲಿದ್ದು, ಮೂವರೂ ತಾವೊಬ್ಬರೇ ಇರುವೆವೆಂದು ನಂಬಿದ್ದರೆ ಪ್ರಶ್ನೆ ಕೇಳಿದವನ ಗತಿಯೇನು? ಜಾಗೀರಿನ ಕಾಲದ ಕಡತಗಳ ಕಥೆಯನ್ನು ಕೇಳಿ ಬೆಳೆದವನಿಗೆ ಇದು ಹೊಸತೆನಿಸಲಿಲ್ಲ.

ಅಷ್ಟರಲ್ಲಿ, 2018ರ ನವೆಂಬರಿನಲ್ಲಿ, ಅಮೆಜಾನಿನವರು ಎಂಡ್‌ಪಾಯಿಂಟ್ ಎಂಬ ಎರಡು ಬಗೆಯ ಬಾಗಿಲುಗಳನ್ನು ಪ್ರಕಟಿಸಿದ್ದರು: ಹೊರಗಿನ ಜಾಲದವರ ಪ್ರಶ್ನೆಯನ್ನು ಒಳಕ್ಕೆ ಬಿಟ್ಟುಕೊಳ್ಳುವುದೊಂದು, ಒಳಗಿನವರ ಪ್ರಶ್ನೆಯನ್ನು ನಿಯಮಕ್ಕೆ ತಕ್ಕಂತೆ ಹೊರಗಿನ ಸರ್ವರಿಗೆ ಕಳುಹಿಸುವುದೊಂದು. ಒಂದು ಖಾತೆಯಲ್ಲಿ ಬರೆದ ನಿಯಮವನ್ನು ಉಳಿದ ಖಾತೆಗಳೊಡನೆ ಹಂಚಿಕೊಳ್ಳುವ ಅನುಕೂಲವೂ ಅದರೊಡನಿದ್ದಿತು. ಮರುವರ್ಷ ನಾವು ಇದನ್ನು ಬಳಸಿ ಮಧ್ಯಸ್ಥ ಯಂತ್ರಗಳನ್ನು ತೆಗೆದುಹಾಕಬಹುದೆಂದು ನಿಶ್ಚಯಿಸಿದೆವು. ಸಲಕರಣೆಯ ಕೆಲಸ ಬೇಗನೆ ಮುಗಿಯಿತು. ನಿಧಾನವಾದುದು, ಹೆಸರುಗಳ ಒಡೆತನವನ್ನು ಗೊತ್ತುಮಾಡುವ ಕೆಲಸ.

ಹುಮನಾಬಾದಿನ ಕಾರ್ಖಾನೆಯ ಮೇಲಂತಸ್ತಿನಲ್ಲಿ ನಡೆದ ಆ ಸಭೆಗಳು ನನಗೆ ಚೆನ್ನಾಗಿ ನೆನಪಿವೆ. ಹೈದರಾಬಾದಿನಿಂದ ಬಂದವರು ಎಲ್ಲ ಹೆಸರುಗಳೂ ಮುಖ್ಯ ಕಚೇರಿಯ ಅಧೀನದಲ್ಲಿರಬೇಕೆಂದರು. ಉತ್ಪಾದನೆಯವರು, ನಮ್ಮ ಯಂತ್ರದ ಹೆಸರನ್ನು ಬದಲಾಯಿಸಲು ಹೈದರಾಬಾದಿಗೆ ಅರ್ಜಿ ಹಾಕುತ್ತ ಕುಳಿತರೆ ರಾತ್ರಿಪಾಳಿ ನಡೆದಂತೆಯೇ ಎಂದರು. ಬಸವಕಲ್ಯಾಣದ ಗುಮಾಸ್ತರು ಇವರಿಬ್ಬರ ಮಾತನ್ನೂ ತಾಳ್ಮೆಯಿಂದ ಕೇಳಿ, “ಯಾರರೆ ಇಟ್ಕೋರಿ, ಖರೆ ಒಬ್ಬರೇ ಇಟ್ಕೋರಿ” ಎಂದರು. ಕೊನೆಗೆ ಒಪ್ಪಿತವಾದ ಏರ್ಪಾಡು ಇಂತಿದ್ದಿತು: ಸಂಸ್ಥೆಯು ಹಣ ತೆತ್ತು ನೋಂದಾಯಿಸಿಕೊಂಡಿದ್ದ ತನ್ನ ಸ್ವಂತ ಹೆಸರೇ ಮೂಲ, ಅದರ ಕೆಳಗೆ ಹುಮನಾಬಾದಿಗೊಂದು, ಬಸವಕಲ್ಯಾಣಕ್ಕೊಂದು, ಒಂದೊಂದು ಕ್ಲೌಡ್ ಖಾತೆಗೂ ಒಂದೊಂದು ಉಪನಾಮ. ಉಪನಾಮದೊಳಗಿನ ಹೆಸರುಗಳನ್ನು ಕೂಡಿಸಿ ಕಳೆಯುವ ಹಕ್ಕು ಆಯಾ ವಿಭಾಗದವರದು. ಯಾವ ಉಪನಾಮವು ಯಾರದೆಂಬ ಪಟ್ಟಿ ಮಾತ್ರ ಜಾಲದ ಕೆಲಸಕ್ಕೆಂದೇ ಹೊಸದಾಗಿ ತೆರೆದ ಕೇಂದ್ರ ಖಾತೆಯದು. ಎಂಡ್‌ಪಾಯಿಂಟುಗಳೆರಡೂ ಆ ಕೇಂದ್ರ ಖಾತೆಯಲ್ಲಿ ನಿಂತುವು. ಖಾಸಗಿ ಝೋನುಗಳ ನಡುವೆ ಸಾಮಾನ್ಯ ಡಿಎನ್‌ಎಸ್‌ನಂತೆ ಅಧಿಕಾರವನ್ನು ಹಸ್ತಾಂತರಿಸುವ ಅನುಕೂಲ ಆ ಕಾಲದಲ್ಲಿ ಇಲ್ಲದಿದ್ದುದರಿಂದ, ಪ್ರತಿಯೊಂದು ಖಾತೆಯವರೂ ತಮ್ಮ ಝೋನನ್ನು ಕೇಂದ್ರದ ಆವರಣಕ್ಕೆ ಜೋಡಿಸಲು ಮೊದಲು ಅನುಮತಿಯನ್ನು ಬರೆದುಕೊಟ್ಟು, ಕೇಂದ್ರದವರು ಆ ಅನುಮತಿಯ ಮೇಲೆ ಜೋಡಿಸಿಕೊಳ್ಳಬೇಕಾಯಿತು. ಕಾರ್ಖಾನೆಯ ಸರ್ವರುಗಳಲ್ಲಿ, ಕ್ಲೌಡಿನ ಉಪನಾಮಗಳನ್ನು ಕೇಳಿದರೆ ಕೇಂದ್ರದ ಬಾಗಿಲಿಗೆ ಕಳುಹಿಸು ಎಂದು ಕಂಡಿಷನಲ್ ಫಾರ್ವರ್ಡರ್ ಬರೆದೆವು. ಕ್ಲೌಡಿನಲ್ಲಿ, ಹುಮನಾಬಾದಿನ ಉಪನಾಮವನ್ನು ಕೇಳಿದರೆ ಕಾರ್ಖಾನೆಯ ಸರ್ವರುಗಳಿಗೆ ಕಳುಹಿಸು ಎಂಬ ನಿಯಮವನ್ನು ಬರೆದು ಎಲ್ಲ ಖಾತೆಗಳಿಗೂ ಹಂಚಿದೆವು. ಎರಡು ಕಡೆಯವರೂ ಮೂಲನಾಮವನ್ನೇ ಒಬ್ಬರಿಗೊಬ್ಬರು ತಳ್ಳಿಬಿಡದಂತೆ ಎಚ್ಚರ ವಹಿಸಬೇಕಾಗಿತ್ತು. ಹಾಗೆ ತಳ್ಳಿದರೆ, ಯಾರ ಪಟ್ಟಿಯಲ್ಲಿಯೂ ಇಲ್ಲದ ಹೆಸರೊಂದು ಮುಂಬಯಿಯಿಂದ ಹುಮನಾಬಾದಿಗೂ ಹುಮನಾಬಾದಿನಿಂದ ಮುಂಬಯಿಗೂ ಸುತ್ತುತ್ತಲೇ ಇರುವುದು.

ಕಾರ್ಖಾನೆಯ ಹಳೆಯ ಹೆಸರುಗಳೆಲ್ಲವೂ ಲೋಕಲ್ ಎಂಬ ಪದದಿಂದ ಮುಗಿಯುತ್ತಿದ್ದುದು ಬೇರೊಂದು ತಾಪತ್ರಯಕ್ಕೆ ಕಾರಣವಾಗಿದ್ದಿತು. ಆ ಕೊನೆಯನ್ನು 2013ರಲ್ಲಿ ಮಲ್ಟಿಕಾಸ್ಟ್ ಡಿಎನ್‌ಎಸ್ ಎಂಬ ಇನ್ನೊಂದು ವಿಧಾನಕ್ಕೆ ಮೀಸಲಿಟ್ಟಿದ್ದಾರೆ. ಸರ್ವರನ್ನು ಕೇಳದೆ, ಅಕ್ಕಪಕ್ಕದ ಯಂತ್ರಗಳನ್ನೇ ಕೂಗಿ ಕೇಳುವ ವಿಧಾನವದು. ಕೆಲವು ಯಂತ್ರಗಳು ಸರ್ವರನ್ನು ಕೇಳಿ, ಕೆಲವು ನೆರೆಯವರನ್ನು ಕೂಗಿ, ಒಂದೇ ಕೋಣೆಯೊಳಗೆ ಎರಡು ಬಗೆಯ ಫಲ ದೊರೆಯುತ್ತಿದ್ದಿತು. ಹೊಸ ಉಪನಾಮಗಳು ಬಂದ ಮೇಲೆ ಈ ಗೊಂದಲವೂ ಅಡಗಿತು.

ಏರ್ಪಾಡು ನಿಂತ ಮೇಲೆ ಎರಡು ಸಂಗತಿಗಳು ನಮಗೆ ಪಾಠ ಹೇಳಿದುವು. ಹೆದ್ದಾರಿಯ ಬದಿಯನ್ನು ಅಗೆಯುವಾಗ ಫೈಬರ್ ಕತ್ತರಿಸಿಹೋಗುವುದು ನಮ್ಮ ಕಡೆ ಅಪರೂಪದ ಮಾತಲ್ಲ. ಒಂದು ಮಧ್ಯಾಹ್ನ ಹಾಗಾದಾಗ, ಮುಂಬಯಿಯ ಸಂಪರ್ಕ ತಪ್ಪಿದುದು ಸಹಜವಷ್ಟೆ; ಆದರೆ ಬಸವಕಲ್ಯಾಣದಲ್ಲಿ ಪಕ್ಕದ ಮೇಜಿನ ಪ್ರಿಂಟರೂ ಕಾಣದಾಯಿತು. ಅಲ್ಲಿಯ ಸಣ್ಣ ಕಚೇರಿಗೆ ಸ್ವಂತ ಡಿಎನ್‌ಎಸ್ ಸರ್ವರ್ ಏಕೆಂದು, ಪ್ರಶ್ನೆಗಳನ್ನೆಲ್ಲ ಕ್ಲೌಡಿಗೇ ಕಳುಹಿಸುವಂತೆ ರೌಟರ್ ಹಾಕಿದವರು ಏರ್ಪಡಿಸಿದ್ದರು. ಒಂದು ಮೊಳ ದೂರದ ಯಂತ್ರದ ಹೆಸರನ್ನು ತಿಳಿಯಲು ಮುಂಬಯಿಯವರೆಗೆ ಹೋಗಿಬರಬೇಕಾಗಿತ್ತು. ಅದರ ಮೇಲೆ ಆ ಕಚೇರಿಯ ಉಪನಾಮವನ್ನು ಅಲ್ಲಿಯೇ ಒಂದು ಚಿಕ್ಕ ಯಂತ್ರದಲ್ಲಿ ಇಟ್ಟೆವು. ಊರಿನ ಹೆಸರಿಗೆ ಉತ್ತರ ಊರಿನಲ್ಲಿಯೇ ದೊರೆಯಬೇಕು. ಪರಊರಿನ ಹೆಸರಿಗೆ ಮಾತ್ರ ದಾರಿ ಹಿಡಿಯಬೇಕು.

ಎರಡನೆಯದು ‘ಇಲ್ಲ’ ಎಂಬ ಉತ್ತರದ ಆಯುಸ್ಸಿಗೆ ಸಂಬಂಧಿಸಿದುದು. ಡಿಎನ್‌ಎಸ್‌ನಲ್ಲಿ ‘ಇದೆ’ ಎಂಬ ಉತ್ತರವನ್ನು ಕೆಲವು ಕಾಲ ನೆನಪಿಟ್ಟುಕೊಳ್ಳುವಂತೆಯೇ ‘ಇಲ್ಲ’ ಎಂಬುದನ್ನೂ ನೆನಪಿಟ್ಟುಕೊಳ್ಳುವರು. ಎಷ್ಟು ಕಾಲವೆಂಬುದರ ನಿಯಮವು 1998ರಲ್ಲಿ ಸ್ಪಷ್ಟವಾಯಿತು. ಅಮೆಜಾನಿನ ಝೋನಿನಲ್ಲಿ, ನಾವಾಗಿ ಬದಲಾಯಿಸದಿದ್ದರೆ, ಅದು 900 ಸೆಕೆಂಡು, ಎಂದರೆ ಕಾಲು ಗಂಟೆ. ಹೊಸ ಯಂತ್ರದ ಹೆಸರನ್ನು ಪಟ್ಟಿಗೆ ಸೇರಿಸುವ ಮೊದಲೇ ಉತ್ಸಾಹಿಯಾದ ತರುಣನೊಬ್ಬನು ಅದನ್ನು ಕೇಳಿ ನೋಡಿದರೆ, ಸೇರಿಸಿದ ಮೇಲೆಯೂ ಕಾಲು ಗಂಟೆಯವರೆಗೆ ‘ಇಲ್ಲ’ವೆಂದೇ ಕಾಣಬಹುದು, ಅಷ್ಟರೊಳಗೆ ಅವನು ಸರಿಯಾಗಿದ್ದುದನ್ನು ತಿದ್ದಲು ತೊಡಗಿ, ನಿಜವಾದ ತಪ್ಪನ್ನೇ ಹುಟ್ಟಿಸಬಹುದು. ಈ ಕಾರಣದಿಂದ ನಮ್ಮಲ್ಲಿ ಮೊದಲು ಹೆಸರು, ಆ ಮೇಲೆ ಯಂತ್ರ ಎಂಬ ಕ್ರಮ ರೂಢಿಯಾಯಿತು.

ಕೆಲವು ವರ್ಷಗಳಲ್ಲಿ ಲೆಕ್ಕಪರಿಶೋಧನೆಯ ತಂತ್ರಾಂಶವು ಮೈಕ್ರೋಸಾಫ್ಟಿನ ಅಜೂರಿಗೆ ಹೋದಾಗ, ಇಡೀ ಕಥೆ ಚಿಕ್ಕದಾಗಿ ಮತ್ತೊಮ್ಮೆ ನಡೆಯಿತು. ಅಲ್ಲಿಯೂ 168.63.129.16 ಎಂಬ ವಿಳಾಸದಲ್ಲಿ ಉತ್ತರ ಕೊಡುವವನಿದ್ದಾನೆ, ಅವನೂ ಒಳಗಿನವರೊಡನೆ ಮಾತ್ರ ಮಾತನಾಡುವನು. 2022ರಲ್ಲಿ ಅವರೂ ಬಾಗಿಲುಗಳಂತಹ ಖಾಸಗಿ ರಿಸಾಲ್ವರನ್ನು ತಂದರು. ಅಮೆಜಾನಿನವರು 2024ರಲ್ಲಿ ಝೋನುಗಳನ್ನೂ ನಿಯಮಗಳನ್ನೂ ಒಂದೇ ಕಟ್ಟಾಗಿ ಅನೇಕ ಖಾತೆಗಳಿಗೆ ಅನ್ವಯಿಸುವ ಪ್ರೊಫೈಲ್ ಎಂಬ ಸೌಕರ್ಯವನ್ನು ಕೊಟ್ಟರು. ಸಲಕರಣೆಗಳು ಹೀಗೆ ವರ್ಷವರ್ಷವೂ ಸುಲಭವಾಗುತ್ತಿವೆ. ನಮ್ಮ ಪಟ್ಟಿಯಲ್ಲಿ ಅಜೂರಿಗಾಗಿ ಒಂದು ಉಪನಾಮವನ್ನೂ ಅದರ ಮುಂದೆ ಒಬ್ಬ ಒಡೆಯನ ಹೆಸರನ್ನೂ ಬರೆದುದಷ್ಟೇ ನಮಗೆ ಉಳಿದಿದ್ದ ಕೆಲಸ. ಒಡೆತನದ ಚರ್ಚೆ ಮೊದಲೇ ಮುಗಿದಿದ್ದುದರಿಂದ ಸಭೆಯನ್ನು ಕರೆಯುವ ಅಗತ್ಯವೇ ಬೀಳಲಿಲ್ಲ.

ಈಗ ಕಲಬುರಗಿ, ಬೀದರ, ರಾಯಚೂರುಗಳ ಕಾಲೇಜುಗಳಿಂದ ಹೊರಬಂದು ಇದೇ ಕೆಲಸಕ್ಕೆ ಕೈಹಾಕುವ ತರುಣ ತರುಣಿಯರಿಗೆ ನಾನು ಹೇಳಬೇಕೆಂದಿರುವುದು ಸ್ವಲ್ಪವೇ. ಜಾಲದ ದಾರಿಗಳನ್ನು ಹಾಕುವ ಮೊದಲು ಒಂದು ಹಾಳೆಯನ್ನು ತೆಗೆದುಕೊಂಡು, ಎಡಕ್ಕೆ ಉಪನಾಮಗಳನ್ನೂ ಬಲಕ್ಕೆ ಅವುಗಳ ಮೇಲೆ ಅಧಿಕಾರವುಳ್ಳವರನ್ನೂ ಬರೆಯಿರಿ. ಒಂದು ಉಪನಾಮದ ಮುಂದೆ ಇಬ್ಬರ ಹೆಸರು ಬರುವಂತಿದ್ದರೆ, ಅದು ತೀರ್ಮಾನವಾಗುವವರೆಗೆ ಸರ್ವರನ್ನು ಮುಟ್ಟಬೇಡಿರಿ. ಸ್ವಂತವಾಗಿ ನೋಂದಾಯಿಸಿದ ಹೆಸರಿನ ಕೆಳಗೇ ಖಾಸಗಿ ಹೆಸರುಗಳನ್ನು ಇಡಿರಿ. ಅದು ಸಾಧ್ಯವಿಲ್ಲದವರಿಗಾಗಿ, ಹೆಸರುಗಳ ಬೇರನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯು 2024ರಲ್ಲಿ ‘ಇಂಟರ್ನಲ್’ ಎಂಬ ಕೊನೆಯನ್ನು ಖಾಸಗಿ ಬಳಕೆಗೆಂದೇ ಮೀಸಲಿಟ್ಟಿದೆ. ಸಣ್ಣ ಊರಿನ ಕಚೇರಿಯೆಂದು ಅದರ ಹೆಸರುಗಳನ್ನು ದೂರದೂರಿನಲ್ಲಿ ಇಡಬೇಡಿರಿ. ಆ ಹಾಳೆಯನ್ನು ಬರೆದವರು ಕೆಲಸ ಬಿಟ್ಟು ಹೋದ ಮೇಲೆಯೂ ಅದು ಎಲ್ಲರಿಗೂ ಸಿಗುವ ಕಡೆ ಇರಲಿ.